ತಿಥಿ ಗೊತ್ತು, ಇಸವಿ ಗೊತ್ತಿಲ್ಲ: ಹಳೆಯ ನಿಧನ ವಾರ್ತೆಗಳಲ್ಲಿ ಮನೆಯ ಹಿರಿಯರನ್ನು ಹುಡುಕುವುದು

ವರ್ಷವರ್ಷವೂ ಶ್ರಾದ್ಧ ತಪ್ಪದೆ ನಡೆಯುವ ಮನೆಗಳಲ್ಲಿ ಒಂದು ಸೋಜಿಗ ಕಾಣುತ್ತದೆ. ಅಜ್ಜ ಹೋದದ್ದು ಮಾಘ ಬಹುಳ ದಶಮಿ ಅನ್ನುವುದು ಮನೆಯ ಸೊಸೆಗೂ ಬಾಯಿಪಾಠ. ಇಸವಿ ಕೇಳಿದರೆ ಮಾತ್ರ ದೊಡ್ಡ ಮಗ ಐವತ್ತೆಂಟು ಅನ್ನುತ್ತಾರೆ, ಚಿಕ್ಕ ಮಗಳು ‘ನನ್ನ ಮದುವೆಗೆ ಎರಡು ವರ್ಷ ಮುಂಚೆ’ ಅನ್ನುತ್ತಾರೆ, ಸೋದರಳಿಯ ‘ಏಕೀಕರಣ ಆದ ಮೇಲೆ, ಚೀನಾ ಯುದ್ಧಕ್ಕೆ ಮೊದಲು’ ಅಂದು ಸುಮ್ಮನಾಗುತ್ತಾರೆ. ವಂಶಾವಳಿ ಬರೆಯಲು ಹೊರಟವರು ಇಷ್ಟಕ್ಕೇ ಬೇಸತ್ತು, ಅಜ್ಜನ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಗ್ರಂಥಾಲಯಕ್ಕೆ ಹೋಗಿ ಹಳೆಯ ಪತ್ರಿಕೆ ಕೇಳುತ್ತಾರೆ.

ಅಲ್ಲಿ ಹೆಸರಿನಿಂದ ಏನೂ ಆಗುವುದಿಲ್ಲ. ಹಳೆಯ ಕನ್ನಡ ಪತ್ರಿಕೆಗಳಿಗೆ ಹೆಸರಿನ ಅಕಾರಾದಿ ಇಲ್ಲ. ತಿಂಗಳಿಗೊಂದೋ ಎರಡು ತಿಂಗಳಿಗೊಂದೋ ರಟ್ಟು ಹಾಕಿ ಹೊಲಿದ ಸಂಪುಟಗಳಿರುತ್ತವೆ, ಅವನ್ನು ತಾರೀಕಿನ ಪ್ರಕಾರ ಜೋಡಿಸಿರುತ್ತಾರೆ. ಒಂದು ತಿಂಗಳ ಸಂಪುಟವನ್ನು ಕಣ್ಣಿಟ್ಟು ತಿರುವಲು ಒಂದೂವರೆ ಗಂಟೆಯಾದರೂ ಬೇಕು. ಐದು ವರ್ಷ ಅಂದರೆ ಅರವತ್ತು ತಿಂಗಳು. ಯಾರ ಸಹನೆಯೂ ಅಷ್ಟು ದೂರ ಬರುವುದಿಲ್ಲ. ಆದ್ದರಿಂದ ಮೊದಲ ಕೆಲಸ ಗ್ರಂಥಾಲಯದ್ದಲ್ಲ, ಪಂಚಾಂಗದ್ದು. ಮನೆಯವರು ಇಷ್ಟು ವರ್ಷ ಕಾಪಾಡಿಕೊಂಡು ಬಂದ ತಿಥಿಯನ್ನು ತಾರೀಕಿಗೆ ತಂದುಕೊಂಡರೆ ಅರವತ್ತು ತಿಂಗಳ ಹುಡುಕಾಟ ಹದಿನೈದು ದಿನಕ್ಕೆ ಇಳಿಯುತ್ತದೆ.

ಸಂವತ್ಸರದ ಹೆಸರು ಎಲ್ಲಾದರೂ ಬರೆದಿದ್ದರೆ ಅರ್ಧ ದಾರಿ ಸವೆದಂತೆ. ಜಾತಕದ ಕಟ್ಟು, ಲೆಕ್ಕದ ಪುಸ್ತಕದ ಮೊದಲ ಹಾಳೆ, ಹಳೆಯ ಪಂಚಾಂಗದ ಅಂಚು, ಫೋಟೋದ ಹಿಂಬದಿ, ಸಮಾಧಿಯ ಕಲ್ಲು, ಇವೆಲ್ಲವನ್ನೂ ನೋಡಿ. ‘ವಿಳಂಬಿ ಸಂ॥ ಮಾಘ ಬ॥ ೧೦’ ಎಂದು ಸಿಕ್ಕಿತು ಅಂದುಕೊಳ್ಳಿ. ಅರವತ್ತು ಸಂವತ್ಸರಗಳಲ್ಲಿ ಪ್ರಭವ ಒಂದನೆಯದು, ವಿಳಂಬಿ ಮೂವತ್ತೆರಡನೆಯದು. ನಮ್ಮ ಕಡೆಯ ಎಣಿಕೆಯಲ್ಲಿ ಪ್ರಭವ ಬಂದದ್ದು 1867, 1927 ಮತ್ತು 1987ರ ಯುಗಾದಿಗೆ. ಹಾಗಾಗಿ ಸಂವತ್ಸರದ ಕ್ರಮಸಂಖ್ಯೆಗೆ 1926 ಕೂಡಿಸಿದರೆ ಆ ಸಂವತ್ಸರ ಶುರುವಾದ ಇಸವಿ ಸಿಗುತ್ತದೆ: 32 ಕೂಡಿಸು 1926, ಅಂದರೆ 1958. ಅದಕ್ಕೂ ಹಿಂದಿನ ಸುತ್ತಿಗೆ 1866 ಕೂಡಿಸಬೇಕು, 1987ರಿಂದ ಈಚೆಗೆ 1986.

ಇಲ್ಲಿ ಹೆಚ್ಚಿನವರು ಎಡವುವ ಜಾಗ ಎರಡಿವೆ. ಒಂದು, ಸಂವತ್ಸರ ಯುಗಾದಿಯಿಂದ ಯುಗಾದಿಗೆ. ಮಾಘ, ಫಾಲ್ಗುಣ ಬರುವ ಹೊತ್ತಿಗೆ ಇಂಗ್ಲಿಷ್ ವರ್ಷ ಬದಲಾಗಿರುತ್ತದೆ, ಆದ್ದರಿಂದ ವಿಳಂಬಿಯ ಮಾಘ 1959ರಲ್ಲಿ ಬೀಳುತ್ತದೆ. ಪುಷ್ಯ ಡಿಸೆಂಬರ್‌ಗೂ ಜನವರಿಗೂ ನಡುವೆ ತೂಗಾಡುವ ತಿಂಗಳು, ಅದನ್ನು ಪ್ರತ್ಯೇಕವಾಗಿ ನೋಡಿಯೇ ತೀರಬೇಕು. ಇನ್ನೊಂದು, ಹೆಸರಿನ ಗೊಂದಲ. ವಿರೋಧಿ ಬೇರೆ, ವಿರೋಧಿಕೃತ್ ಬೇರೆ. ಮೊದಲನೆಯದು 1949, ಎರಡನೆಯದು 1971. ಮಸುಕಾದ ಶಾಯಿಯಲ್ಲಿ ‘ವಿರೋಧಿ’ ಅಂತಷ್ಟೇ ಕಂಡರೆ ಇಪ್ಪತ್ತೆರಡು ವರ್ಷದ ವ್ಯತ್ಯಾಸ! ಹಾಗೆಯೇ ಪ್ರಮಾಥಿ–ಪ್ರಮಾದಿ, ಕ್ರೋಧಿ–ಕ್ರೋಧನ, ವಿಕೃತಿ–ವಿಕಾರಿ. ಹೇವಿಳಂಬಿ–ವಿಳಂಬಿ, ಶುಭಕೃತ್–ಶೋಭಕೃತ್ ಜೋಡಿಗಳು ಒಂದರ ಹಿಂದೊಂದು ಬರುವವು, ತಪ್ಪಿದರೂ ಒಂದೇ ವರ್ಷ ತಪ್ಪುತ್ತದೆ.

ಈಗ ತಿಥಿಯಿಂದ ತಾರೀಕು. ಆ ವರ್ಷದ ಒಂಟಿಕೊಪ್ಪಲ್ ಪಂಚಾಂಗ ಯಾರದಾದರೂ ಅಟ್ಟದ ಮೇಲಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಇಲ್ಲದಿದ್ದರೆ ಹಿಂದಿನ ವರ್ಷಗಳನ್ನು ತೋರಿಸುವ ಅಂತರ್ಜಾಲದ ಪಂಚಾಂಗ ಸಾಕು. ಊರನ್ನು ಬೆಂಗಳೂರು ಎಂದೋ ನಿಮ್ಮ ಹತ್ತಿರದ ಪಟ್ಟಣವೆಂದೋ ಕೊಡಿ, ಮಾಸವನ್ನು ಅಮಾಂತ (ಅಮಾವಾಸ್ಯೆಗೆ ಮುಗಿಯುವ ತಿಂಗಳು) ಎಂದು ಕಡ್ಡಾಯವಾಗಿ ಆರಿಸಿ. ಉತ್ತರ ಭಾರತದ್ದು ಪೂರ್ಣಿಮಾಂತ, ಅಲ್ಲಿ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ. ನಮ್ಮ ಮಾಘ ಬಹುಳ ಅವರಿಗೆ ಫಾಲ್ಗುಣ ಕೃಷ್ಣ. ಈ ಒಂದು ಗುಂಡಿ ತಪ್ಪಾಗಿ ಒತ್ತಿ ಪೂರ್ತಿ ತಿಂಗಳು ಆಚೀಚೆ ಹುಡುಕಿದವರು ಬೇಕಾದಷ್ಟು ಜನ. ಶುದ್ಧ ಪಕ್ಷದಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ, ಹಾಗಾಗಿ ತಪ್ಪು ಬೇಗ ಗೊತ್ತಾಗುವುದೂ ಇಲ್ಲ. ವಿಳಂಬಿಯ ಮಾಘ ಬಹುಳ ದಶಮಿ ಬರುವುದು 1959ರ ಮಾರ್ಚ್ 4ರ ಹೊತ್ತಿಗೆ, ಅದು ಬುಧವಾರ.

‘ಹೊತ್ತಿಗೆ’ ಅಂದದ್ದು ಬೇಕೆಂದೇ. ಪಂಚಾಂಗದಲ್ಲಿ ಆ ದಿನಕ್ಕೆ ಬರೆದಿರುವುದು ಸೂರ್ಯೋದಯದ ಹೊತ್ತಿನ ತಿಥಿ. ಸತ್ತವರ ತಿಥಿ ಹಿಡಿಯುವುದು ಪ್ರಾಣ ಹೋದ ಹೊತ್ತಿನದು, ಶ್ರಾದ್ಧಕ್ಕೆ ನೋಡುವುದು ಅಪರಾಹ್ನದಲ್ಲಿ ಇರುವ ತಿಥಿ. ಮೂರೂ ಒಂದೇ ದಿನ ಕೂಡಬೇಕೆಂದಿಲ್ಲ. ಸಾಲದ್ದಕ್ಕೆ ಹಳೆಯ ಸೂತ್ರದ ಸೂರ್ಯಸಿದ್ಧಾಂತದ ಪಂಚಾಂಗಕ್ಕೂ ಆಕಾಶದಲ್ಲಿ ಕಾಣುವ ಸ್ಥಿತಿಗೆ ಹೊಂದಿಸಿದ ದೃಗ್ಗಣಿತದ್ದಕ್ಕೂ ಕೆಲವು ಗಂಟೆಗಳ ಅಂತರ ಬರುತ್ತದೆ. ಮಾಧ್ವರ ಮನೆಗಳಲ್ಲಿ ಏಕಾದಶಿಯಂದು ಶ್ರಾದ್ಧವಿಲ್ಲ, ಅದನ್ನು ಮಾಡುವುದು ದ್ವಾದಶಿಗೆ. ಹೀಗಾಗಿ ‘ನಮ್ಮ ಅಜ್ಜಿಯ ತಿಥಿ ದ್ವಾದಶಿ’ ಅಂದರೆ ಅಜ್ಜಿ ಹೋದದ್ದು ಏಕಾದಶಿಯಂದೂ ಇರಬಹುದು. ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳುವ ಬದಲು ಲೆಕ್ಕಕ್ಕೆ ಬಂದ ತಾರೀಕಿನ ಹಿಂದೆ ಮುಂದೆ ಎರಡೆರಡು ದಿನ ಸೇರಿಸಿಕೊಂಡು ಹೋಗುವುದು ಜಾಣತನ.

ಅಧಿಕ ಮಾಸದ ಪೆಟ್ಟು ಮಾತ್ರ ಎರಡು ದಿನದ್ದಲ್ಲ. ಇದೇ ವಿಳಂಬಿಯಲ್ಲಿ ಅಧಿಕ ಶ್ರಾವಣ ಬಂದಿತ್ತು: 1958ರ ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ ಅಧಿಕ, ಅಲ್ಲಿಂದ ಸೆಪ್ಟೆಂಬರ್ ನಡುವಿನ ತನಕ ನಿಜ ಶ್ರಾವಣ. ಅಧಿಕದಲ್ಲಿ ತೀರಿಕೊಂಡವರ ವಾರ್ಷಿಕವನ್ನು ಮುಂದಿನ ವರ್ಷಗಳಲ್ಲಿ ಸಾಮಾನ್ಯ ಶ್ರಾವಣದಲ್ಲೇ ಮಾಡುತ್ತಾರೆ, ಅಧಿಕ ಎನ್ನುವ ಮಾತು ಎರಡು ತಲೆಮಾರು ದಾಟುವಷ್ಟರಲ್ಲಿ ಅಳಿಸಿಹೋಗಿರುತ್ತದೆ. ಆದ್ದರಿಂದ ಆ ವರ್ಷ ಯಾವುದಾದರೂ ಅಧಿಕ ಮಾಸ ಬಂದಿತ್ತೇ ಎಂದು ಮೊದಲೇ ನೋಡಿ. ಬಂದದ್ದು ನಿಮ್ಮ ಮಾಸವೇ ಆಗಿದ್ದರೆ ಎರಡೂ ತಿಂಗಳು ತಿರುವಬೇಕು.

ಸಂವತ್ಸರವೇ ಗೊತ್ತಿಲ್ಲವೇ? ವಾರ ನೆನಪಿದೆಯೇ ಕೇಳಿ. ‘ಶುಕ್ರವಾರ ಬೆಳಿಗ್ಗೆ, ಸಂತೆಯ ದಿನ’ ಎಂಬಂಥ ಮಾತು ಇಸವಿಗಿಂತ ಗಟ್ಟಿಯಾಗಿ ಉಳಿದಿರುತ್ತದೆ. ಒಂದು ತಿಥಿ ಮರುವರ್ಷ ಬರುವುದು 354 ಅಥವಾ 355 ದಿನಕ್ಕೆ, ಅಧಿಕ ಮಾಸ ಬಿದ್ದರೆ ಸುಮಾರು 384 ದಿನಕ್ಕೆ. ಹಾಗಾಗಿ ಅದರ ವಾರ ವರ್ಷವರ್ಷವೂ ನಾಲ್ಕರಿಂದ ಆರು ದಿನ ಜಿಗಿಯುತ್ತದೆ. ಅನುಮಾನವಿರುವ ಹತ್ತು ವರ್ಷಗಳಿಗೂ ಆ ತಿಥಿಯ ತಾರೀಕು, ವಾರ ಬರೆದು ಪಟ್ಟಿ ಮಾಡಿದರೆ ಒಂದೆರಡು ವರ್ಷ ಮಾತ್ರ ಉಳಿಯುತ್ತವೆ. ಅದರ ಮೇಲೆ ‘ಲಿಂಗನಮಕ್ಕಿ ಅಣೆಕಟ್ಟು ಮುಗಿಯುವ ಮೊದಲು’ ಎಂಬಂಥ ಇನ್ನೊಂದು ಸುಳಿವು (ಅದು ಮುಗಿದದ್ದು 1964ರಲ್ಲಿ) ಸಿಕ್ಕರೆ ಸಾಮಾನ್ಯವಾಗಿ ಒಂದೇ ವರ್ಷ. ತುಳುನಾಡಿನ ಮನೆಗಳಲ್ಲಿ ‘ಆಟಿ ಹತ್ತಕ್ಕೆ’ ಎಂದರೆ ಅದು ಸೌರಮಾನ, ಜುಲೈ ನಡುವಿನಿಂದ ಆಗಸ್ಟ್ ನಡುವಿನ ತಿಂಗಳು. ಅಲ್ಲಿ ತಾರೀಕು ವರ್ಷದಿಂದ ವರ್ಷಕ್ಕೆ ಹೆಚ್ಚು ಕದಲುವುದಿಲ್ಲ, ಇಸವಿಗೆ ಬೇರೆ ಆಧಾರವೇ ಬೇಕು. ಮುಸ್ಲಿಂ ಮನೆಗಳ ಹಿಜರಿ ತಾರೀಕು ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತ ಹೋಗುತ್ತದೆ, ನಡುವೆ ಅಧಿಕ ಮಾಸದ ಕಾಟವಿಲ್ಲ. ಕ್ರೈಸ್ತರಿಗೆ ಈ ಕಸರತ್ತೇ ಬೇಡ, ಇಗರ್ಜಿಯ ಮರಣದ ಪುಸ್ತಕದಲ್ಲಿ ತಾರೀಕೇ ಇರುತ್ತದೆ.

ಯಾವ ಪತ್ರಿಕೆ?

1956ರ ನವೆಂಬರ್ 1ಕ್ಕೆ ಮೊದಲು ಕನ್ನಡದ ಊರುಗಳು ಐದು ಆಡಳಿತಗಳಲ್ಲಿ ಹಂಚಿಹೋಗಿದ್ದವು, ಪತ್ರಿಕೆ ಓದುವ ಅಭ್ಯಾಸವೂ ಹಾಗೆಯೇ. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಮುಂಬಯಿ ಕಡೆಗೆ ಸೇರಿದ್ದವು. ಹುಬ್ಬಳ್ಳಿಯ ಸಂಯುಕ್ತ ಕರ್ನಾಟಕದ ಜೊತೆಗೆ, ಬೆಳಗಾವಿಯವರಾದರೆ ಮರಾಠಿ ಪತ್ರಿಕೆಗಳನ್ನೂ ನೋಡಬೇಕಾಗುತ್ತದೆ. ಕನ್ನಡದ ಮನೆತನದವರ ಸಾವು ಮರಾಠಿಯಲ್ಲಿ ಅಚ್ಚಾದದ್ದುಂಟು. ದಕ್ಷಿಣ ಕನ್ನಡ, 1953ರ ತನಕ ಬಳ್ಳಾರಿ, ಮದರಾಸಿಗೆ. ವಕೀಲರು, ಮಾಸ್ತರರು, ಸರ್ಕಾರಿ ನೌಕರರಾದರೆ ‘ದಿ ಹಿಂದೂ’ ಇಂಗ್ಲಿಷ್ ಪತ್ರಿಕೆಯಲ್ಲಿ ಎರಡು ಸಾಲು ಬಂದಿರಬಹುದು. ಮಂಗಳೂರಿನಲ್ಲಿ 1941ರಿಂದ ನವಭಾರತ ಇತ್ತು. ಬೀದರ, ಕಲಬುರಗಿ, ರಾಯಚೂರು ಹೈದರಾಬಾದಿಗೆ ಸೇರಿದ್ದವು, ಅಲ್ಲಿ ಉರ್ದು ಪತ್ರಿಕೆಗಳ ಕಾರುಬಾರು. ಕೊಡಗು ಬೇರೆಯೇ. ಮೈಸೂರು ಸಂಸ್ಥಾನದವರಿಗೆ ತಾಯಿನಾಡು, ವಿಶ್ವಕರ್ನಾಟಕ. 1948ರ ಅಕ್ಟೋಬರ್‌ನಿಂದ ಪ್ರಜಾವಾಣಿ. ಕನ್ನಡಪ್ರಭ ಶುರುವಾದದ್ದು 1967ರಲ್ಲಿ, ಉದಯವಾಣಿ 1970ರ ಜನವರಿ 1ರಂದು. 1965ರ ಸಾವನ್ನು ಉದಯವಾಣಿಯಲ್ಲಿ ಹುಡುಕುವ ವ್ಯರ್ಥ ಪ್ರಯತ್ನ ತಪ್ಪಲೆಂದೇ ಈ ಇಸವಿಗಳನ್ನು ಹೇಳುತ್ತಿರುವುದು.

ಕರಾವಳಿಯಿಂದ ಮುಂಬಯಿಗೆ ಹೋಟೆಲು ಕೆಲಸಕ್ಕೆ ಹೋದವರ ವಿಷಯದಲ್ಲಿ ಊರಿನ ಪತ್ರಿಕೆಯಷ್ಟೇ ಮುಂಬಯಿಯ ಕನ್ನಡ ಪತ್ರಿಕೆಗಳೂ ಮುಖ್ಯ. ಕೊಂಕಣಿ ಕ್ರೈಸ್ತರಿಗೆ 1938ರಿಂದ ಬರುತ್ತಿರುವ, ಕನ್ನಡ ಲಿಪಿಯಲ್ಲೇ ಅಚ್ಚಾಗುವ ವಾರಪತ್ರಿಕೆ ರಾಕ್ಣೊ ಇದೆ. ಜಾತಿ ಸಂಘಗಳ ಮಾಸಪತ್ರಿಕೆಗಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ನನ್ನ ಮಟ್ಟಿಗೆ ಅವು ದಿನಪತ್ರಿಕೆಗಿಂತ ಮೇಲು. ದಿನಪತ್ರಿಕೆಯಲ್ಲಿ ನಾಲ್ಕು ಸಾಲು ಬಂದವರಿಗೆ ಅಲ್ಲಿ ಅರ್ಧ ಪುಟ ಸಿಕ್ಕಿರುತ್ತದೆ: ಹುಟ್ಟಿದ ಮನೆ, ತಾಯಿಯ ತವರು, ಬೀಗರ ಊರು ಎಲ್ಲ ಸೇರಿ.

ಸಂಪುಟಗಳಿರುವುದು ಬೆಂಗಳೂರಿನ ಕಬ್ಬನ್ ಉದ್ಯಾನದ ರಾಜ್ಯ ಕೇಂದ್ರ ಗ್ರಂಥಾಲಯ, ಮೈಸೂರು ಮತ್ತು ಧಾರವಾಡದ ವಿಶ್ವವಿದ್ಯಾಲಯಗಳ ಗ್ರಂಥಾಲಯ, ಪತ್ರಿಕೆಗಳ ಸ್ವಂತ ಕಚೇರಿ, ಇಂಥ ಕಡೆ. ಪುಸ್ತಕ ಸಲ್ಲಿಕೆಯ 1954ರ ಕಾಯಿದೆಗೆ 1956ರಲ್ಲಿ ಪತ್ರಿಕೆಗಳನ್ನೂ ಸೇರಿಸಿದ್ದರಿಂದ ಅಲ್ಲಿಂದೀಚೆಗಿನದಕ್ಕೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯವೂ ಒಂದು ದಾರಿ. ಹೋಗುವ ಮುಂಚೆ ಫೋನ್ ಮಾಡಿ ಮೂರು ಸಂಗತಿ ಕೇಳಿಕೊಳ್ಳಿ: ಆ ತಿಂಗಳ ಸಂಪುಟ ಇದೆಯೇ, ಓದಲು ಕೊಡುವ ಸ್ಥಿತಿಯಲ್ಲಿದೆಯೇ, ಮೊಬೈಲಿನಲ್ಲಿ ಫೋಟೋ ತೆಗೆಯಲು ಬಿಡುತ್ತಾರೆಯೇ. ‘ಇದೆ’ ಅನ್ನುವುದಕ್ಕೂ ‘ಕೊಡುತ್ತೇವೆ’ ಅನ್ನುವುದಕ್ಕೂ ನಡುವೆ ಬಹಳ ಅಂತರ.

ನಾಲ್ಕನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಕೇಳದೆ ಮೋಸ ಹೋಗುತ್ತಾರೆ: ಇದು ಯಾವ ಆವೃತ್ತಿ? ಒಂದೇ ದಿನದ ಒಂದೇ ಪತ್ರಿಕೆ ಬೆಂಗಳೂರಿಗೊಂದು, ಹುಬ್ಬಳ್ಳಿಗೊಂದು, ಕರಾವಳಿಗೊಂದು ಅಚ್ಚಾಗುವ ಕಾಲ ಬಂದ ಮೇಲೆ, ಶಿರಸಿಯವರ ನಿಧನ ವಾರ್ತೆ ಆ ಜಿಲ್ಲೆಯ ಪುಟದಲ್ಲಿ ಮಾತ್ರ ಬರತೊಡಗಿತು. ಗ್ರಂಥಾಲಯ ರಟ್ಟು ಹಾಕಿಟ್ಟದ್ದು ತನ್ನ ಊರಿಗೆ ಬಂದ ಆವೃತ್ತಿಯನ್ನು. ಬೆಂಗಳೂರಿನಲ್ಲಿ ಕೂತು ಶಿರಸಿಯವರನ್ನು ಹುಡುಕಿ ‘ಪತ್ರಿಕೆಯಲ್ಲಿ ಬಂದೇ ಇಲ್ಲ’ ಎಂದು ತೀರ್ಮಾನಿಸುವುದು ತಪ್ಪು. ನೋಟ್ ಪುಸ್ತಕದಲ್ಲಿ ‘ಬೆಂಗಳೂರು ಆವೃತ್ತಿಯಲ್ಲಿ ಇಲ್ಲ’ ಎಂದೇ ಬರೆಯಬೇಕು.

ಯಾವ ದಿನ, ಯಾವ ಮೂಲೆ

ಮಾರ್ಚ್ 4ಕ್ಕೆ ಸಾವು ಅಂದರೆ ಸುದ್ದಿ 5ಕ್ಕೇ ಬರಬೇಕೆಂದಿಲ್ಲ. ಪೇಟೆಯವರದಾದರೆ ಮರುದಿನ, ಹಳ್ಳಿಯದಾದರೆ ಬಾತ್ಮೀದಾರ ಅಂಚೆಗೆ ಹಾಕಿ, ಅದು ಕಚೇರಿ ತಲುಪಿ, ಜಾಗ ಸಿಕ್ಕಿ, ನಾಲ್ಕರಿಂದ ಹತ್ತು ದಿನ. ಹನ್ನೊಂದು, ಹದಿಮೂರನೆಯ ದಿನದ ಕಾರ್ಯಕ್ಕೆ ಮುಂಚೆ ಆಹ್ವಾನದ ಜಾಹೀರಾತು. ಸತ್ತ ದಿನವನ್ನೇ ಒಂದೆಂದು ಎಣಿಸುವುದರಿಂದ ಮಾರ್ಚ್ 4ಕ್ಕೆ ಹದಿಮೂರನೆಯ ದಿನ 16. ಜಾಹೀರಾತು 12ರಿಂದ 15ರ ನಡುವೆ. ಆಮೇಲೆ ಕೃತಜ್ಞತೆಯ ಪ್ರಕಟಣೆ, ಮುಂದಿನ ವರ್ಷ ಪುಣ್ಯಸ್ಮರಣೆ. ಪುಣ್ಯಸ್ಮರಣೆಯನ್ನು ಕೆಲವರು ತಿಥಿಗೆ ಹಾಕಿಸುತ್ತಾರೆ, ಕೆಲವರು ತಾರೀಕಿಗೆ; ಎರಡೂ ಕಡೆ ನೋಡಿ.

ಇಡೀ ಪತ್ರಿಕೆ ಓದುತ್ತ ಕೂರಬೇಡಿ. ಮೊದಲು ಒಂದು ವಾರದ ಸಂಚಿಕೆಗಳನ್ನು ಪೂರ್ತಿ ನೋಡಿ, ಆ ಪತ್ರಿಕೆ ಆ ಕಾಲದಲ್ಲಿ ಸಾವಿನ ಸುದ್ದಿಯನ್ನು ಎಲ್ಲಿ ಹಾಕುತ್ತಿತ್ತು ಎಂದು ತಿಳಿದುಕೊಳ್ಳಿ. ಆಮೇಲೆ ಬರೀ ಆ ಮೂಲೆ. ತಲೆಬರಹ ‘ನಿಧನ’ ಎಂದೇ ಇರುವುದಿಲ್ಲ: ದೈವಾಧೀನ, ಸ್ವರ್ಗಸ್ಥ, ಮರಣ, ದುಃಖದ ಸಂಗತಿ, ಲಿಂಗೈಕ್ಯ, ಶಿವೈಕ್ಯ, ವಿಯೋಗ. ವೈಕುಂಠ ಸಮಾರಾಧನೆ, ಶಿವಗಣಾರಾಧನೆ, ಉತ್ತರಕ್ರಿಯೆ, ಕರಾವಳಿಯ ಬೊಜ್ಜ, ಈ ಮಾತುಗಳಿಗೂ ಕಣ್ಣು ಒಗ್ಗಿರಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಕಾಗದದ ಅಭಾವಕ್ಕೆ ಪುಟಗಳು ಇಳಿದಿದ್ದವು, ಆಗಿನ ಸಣ್ಣ ಊರುಗಳ ಸಾವಿನ ಸುದ್ದಿ ಸಿಕ್ಕದಿದ್ದರೆ ಆಶ್ಚರ್ಯವಿಲ್ಲ.

ಸುದ್ದಿಯ ಅಚ್ಚು ಹೆಚ್ಚು ಕಡಿಮೆ ಹೀಗಿರುತ್ತದೆ:

‘ತೀರ್ಥಹಳ್ಳಿ, ಮಾ. 6: ಇಲ್ಲಿಗೆ ಸಮೀಪದ … ಗ್ರಾಮದ ಹಿರಿಯ ಕೃಷಿಕ, ದಿ. …ನವರ ಪುತ್ರ ಶ್ರೀ … (78) ಅಲ್ಪಕಾಲದ ಅಸೌಖ್ಯದಿಂದ ಬುಧವಾರ ಸ್ವಗೃಹದಲ್ಲಿ ದೈವಾಧೀನರಾದರು. ಮೃತರು ಪತ್ನಿ, ಮೂವರು ಪುತ್ರರು, ಇಬ್ಬರು ಪುತ್ರಿಯರು ಹಾಗೂ ಅಪಾರ ಬಂಧು ಬಳಗವನ್ನು ಅಗಲಿದ್ದಾರೆ.’

ಇಷ್ಟರಲ್ಲಿ ಒಂದೊಂದು ಮಾತನ್ನೂ ಹಿಂಡಬೇಕು. ‘ಮಾ. 6’ ಸಾವಿನ ದಿನವಲ್ಲ, ಸುದ್ದಿ ಬರೆದ ದಿನ. 1959ರ ಮಾರ್ಚ್ 6 ಶುಕ್ರವಾರ, ಅದಕ್ಕೆ ಹಿಂದಿನ ಬುಧವಾರ 4. ಅಲ್ಲಿಗೆ ಲೆಕ್ಕ ಹಾಕಿದ ತಿಥಿಗೆ ತಾಳೆ ಬಿತ್ತು. ಬಾತ್ಮೀದಾರ ‘ನಿನ್ನೆ’ ಎಂದು ಬರೆದಿದ್ದರೆ ಅದನ್ನು ಊರಿನ ಹೆಸರಿನ ಪಕ್ಕದ ತಾರೀಕಿನಿಂದ ಎಣಿಸಬೇಕೇ ಹೊರತು ಪತ್ರಿಕೆಯ ತಾರೀಕಿನಿಂದಲ್ಲ. ‘ದಿ.’ ಎಂಬ ಒಂದಕ್ಷರ ಇನ್ನೊಂದು ತಲೆಮಾರಿಗೆ ಬಾಗಿಲು: ತಂದೆ 1959ಕ್ಕೆ ಮೊದಲೇ ತೀರಿಕೊಂಡಿದ್ದರು. 78 ವಯಸ್ಸಿನ ಮನುಷ್ಯನಿಗೆ ಇದರಿಂದ ಹೆಚ್ಚೇನೂ ತಿಳಿಯದು, ಆದರೆ ಮೂವತ್ತರಲ್ಲೇ ಹೋದವರ ತಂದೆಯ ಹೆಸರಿನ ಹಿಂದೆ ‘ದಿ.’ ಇಲ್ಲದಿರುವುದೂ ಒಂದು ಮಾಹಿತಿಯೇ. ಲಿಂಗಾಯತರಲ್ಲಿ ಇದು ‘ಲಿಂ.’ ಆಗಿರುತ್ತದೆ, ಮರಾಠಿ ನೆರಳಿನ ಕಡೆ ‘ಕೈ.’, ಅಂದರೆ ಕೈಲಾಸವಾಸಿ.

78 ಪೂರ್ತಿಯಾದ ವಯಸ್ಸಾದರೆ ಜನನ 1880ರ ಮಾರ್ಚ್‌ನಿಂದ 1881ರ ಮಾರ್ಚ್ ಒಳಗೆ. ನಮ್ಮಲ್ಲಿ ನಡೆಯುವ ವರ್ಷವನ್ನು ಹೇಳುವ ರೂಢಿಯಿದೆ, ಹಾಗಿದ್ದರೆ 1882ರ ಮಾರ್ಚ್ ತನಕ. 75, 80, 85 ಎಂಬ ದುಂಡು ಸಂಖ್ಯೆ ಕಂಡರೆ ಐದು ವರ್ಷ ಆಚೀಚೆ ಇಟ್ಟುಕೊಳ್ಳಿ. ಅದು ಮಗ ಬಾತ್ಮೀದಾರನಿಗೆ ಹೇಳಿದ ಅಂದಾಜು. ಕನ್ನಡ ಅಂಕಿಯಲ್ಲಿ ಅಚ್ಚಾಗಿದ್ದರೆ ಸವೆದ ಮೊಳೆಯ ೬ ಮತ್ತು ೯ ಒಂದೇ ಥರ ಕಾಣುತ್ತವೆ, ೨ ಮತ್ತು ೭ ಕೂಡ. ೬೯ ವರ್ಷದವರು ೯೬ ಆಗಿಬಿಟ್ಟರೆ ವಂಶಾವಳಿಯಲ್ಲಿ ಮಗ ಅಪ್ಪನಿಗಿಂತ ದೊಡ್ಡವನಾಗುತ್ತಾನೆ. ಅದೇ ಪುಟದಲ್ಲಿ ನಿಸ್ಸಂದೇಹವಾದ ಒಂದು ೬ ಹುಡುಕಿ ಪಕ್ಕಕ್ಕಿಟ್ಟು ಹೋಲಿಸಿ.

‘ಮೂವರು ಪುತ್ರರು, ಇಬ್ಬರು ಪುತ್ರಿಯರು’ ಎಂದರೆ ಆ ದಿನ ಬದುಕಿದ್ದವರು. ಮೊದಲೇ ತೀರಿಕೊಂಡ ಮಗ, ಬಾಣಂತನದಲ್ಲಿ ಹೋದ ಮಗಳು ಈ ಲೆಕ್ಕದಲ್ಲಿಲ್ಲ. ದತ್ತು ಹೋದ ಮಗ ಕೆಲವೊಮ್ಮೆ ಇರುತ್ತಾನೆ, ಕೆಲವೊಮ್ಮೆ ಇರುವುದಿಲ್ಲ. ‘ಪತ್ನಿ’ ಎಂದಷ್ಟೇ ಇದ್ದರೆ ಮಕ್ಕಳೆಲ್ಲ ಆಕೆಯ ಹೊಟ್ಟೆಯವರೇ ಎಂದುಕೊಳ್ಳುವಂತಿಲ್ಲ. ಮೊದಲ ಹೆಂಡತಿ ತೀರಿಕೊಂಡು ಎರಡನೆಯ ಮದುವೆಯಾದ ಮನೆಗಳು ಆ ತಲೆಮಾರಿನಲ್ಲಿ ತುಂಬ.

ಹೆಂಗಸರ ಹುಡುಕಾಟವೇ ಬೇರೆ. ಅಜ್ಜಿಯ ಹೆಸರು ಹಲವು ಸುದ್ದಿಗಳಲ್ಲಿ ಬರುವುದೇ ಇಲ್ಲ: ‘ಇಲ್ಲಿನ ಪ್ರಸಿದ್ಧ ವರ್ತಕ ಶ್ರೀ …ನವರ ಮಾತೃಶ್ರೀ’, ‘ದಿ. …ರಾಯರ ಧರ್ಮಪತ್ನಿ’. ತಲೆಬರಹ ಕೂಡ ‘ಮಾತೃ ವಿಯೋಗ’. ಆದ್ದರಿಂದ ಗಂಡ, ಎಲ್ಲ ಗಂಡುಮಕ್ಕಳು, ಅಳಿಯಂದಿರ ಪಟ್ಟಿಯನ್ನು ಕೈಯಲ್ಲಿ ಹಿಡಿದು ಕೂರಬೇಕು. ಮದುವೆಯಲ್ಲಿ ಹೆಸರು ಬದಲಿಸುವ ಮನೆತನಗಳಲ್ಲಿ ತವರಿನವರು ಹೇಳುವ ಹೆಸರೊಂದು, ಪತ್ರಿಕೆಯದೊಂದು. ಅಜ್ಜಿಯ ತವರೂರು ಬೇಕಾದರೆ ಅವರ ಅಣ್ಣತಮ್ಮಂದಿರ ನಿಧನ ವಾರ್ತೆ ಹುಡುಕುವುದು ಮೇಲು.

ಹೆಸರಿನ ವೇಷಗಳು

ತಾರೀಕು ಸರಿಯಿದ್ದೂ ಸುದ್ದಿ ಕಣ್ಣಿಗೆ ಬೀಳದೆ ಹೋಗುವುದು ಹೆಸರಿನಿಂದ. ಹಳೆ ಮೈಸೂರಿನ ಕಡೆ ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರ ಮುಂದೆ ಬರುತ್ತವೆ. ಅದನ್ನೇ ಒಂದು ಪತ್ರಿಕೆ ‘ಎಂ. ಆರ್.’ ಎಂದರೆ ಇನ್ನೊಂದು ‘ಮ. ರಾ.’ ಎಂದು ಹಾಕುತ್ತದೆ. ಉತ್ತರ ಕರ್ನಾಟಕದಲ್ಲಿ ತನ್ನ ಹೆಸರು, ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ಕೊಡಗಿನಲ್ಲಿ ಮನೆತನದ ಹೆಸರು ಮೊದಲು. ಕರಾವಳಿಯಲ್ಲಿ ಹೆಸರಿನ ಹಿಂದೆ ಊರೋ ಮನೆಯೋ. ರಾವ್–ರಾಯ–ರಾಯರು, ಭಟ್–ಭಟ್ಟ, ಶೆಟ್ಟಿ–ಸೆಟ್ಟಿ, ವೆಂಕಟ–ವೇಂಕಟ, ಸುಬ್ರಹ್ಮಣ್ಯ–ಸುಬ್ಬಣ್ಣ–ಸುಬ್ಬರಾವ್ ಎಲ್ಲವನ್ನೂ ಮೊದಲೇ ಬರೆದಿಟ್ಟುಕೊಳ್ಳಿ. ಊರಲ್ಲಿ ಕರೆಯುತ್ತಿದ್ದ ಹೆಸರನ್ನೂ ಬರೆಯಿರಿ. ‘ಅಂಗಡಿ ಪುಟ್ಟಯ್ಯ’ ಎಂದೇ ಜನ ಬಲ್ಲವರನ್ನು ಬಾತ್ಮೀದಾರ ಹಾಗೆಯೇ ಬರೆದಿರುತ್ತಾನೆ.

ಅಂತರ್ಜಾಲದಲ್ಲಿ ಹುಡುಕುವವರಿಗೆ ಇನ್ನೊಂದು ತೊಡಕು. ಸ್ಕ್ಯಾನ್ ಆದ ಪತ್ರಿಕೆಯಲ್ಲಿ ಅಕ್ಷರ ಗುರುತಿಸುವ ತಂತ್ರಾಂಶ ಹಳೆಯ ಮೊಳೆಯಚ್ಚಿನ ಒತ್ತಕ್ಷರಗಳಲ್ಲಿ ಮುಗ್ಗರಿಸುತ್ತದೆ, ಅರ್ಕಾವೊತ್ತನ್ನು ನುಂಗುತ್ತದೆ, ೦ ಮತ್ತು ಅನುಸ್ವಾರವನ್ನು ಬದಲಾಯಿಸುತ್ತದೆ. ಜೊತೆಗೆ ನಮ್ಮಲ್ಲಿ ಹೆಸರಿಗೆ ವಿಭಕ್ತಿ ಅಂಟುತ್ತದೆ: ನಾರಾಯಣಪ್ಪನವರು, ನಾರಾಯಣಪ್ಪನವರ, ನಾರಾಯಣಪ್ಪನವರನ್ನು. ಪೂರ್ತಿ ಹೆಸರು ಕೊಡದೆ ‘ನಾರಾಯಣ’ ಎಂಬಷ್ಟನ್ನೇ ಹಾಕಿ, ಊರಿನ ಹೆಸರಿನ ಒಂದು ತುಂಡು ಸೇರಿಸಿ. ಒತ್ತಕ್ಷರ ಇಲ್ಲದ ತುಂಡು ಆರಿಸುವುದು ಲೇಸು: ‘ತೀರ್ಥಹಳ್ಳಿ’ಗಿಂತ ‘ಹೊಸನಗರ’ ಸುಲಭವಾಗಿ ಸಿಕ್ಕುತ್ತದೆ. ಇಂಗ್ಲಿಷ್ ಪತ್ರಿಕೆಗಳಲ್ಲಿ ಹುಡುಕುವಾಗ ಊರುಗಳ ಹಳೆಯ ಕಾಗುಣಿತ ಕೊಡಬೇಕು. ಶಿವಮೊಗ್ಗ, ಕಲಬುರಗಿ, ವಿಜಯಪುರ ಎಂಬ ರೂಪಗಳು ಇಂಗ್ಲಿಷಿನಲ್ಲಿ ಅಧಿಕೃತವಾದದ್ದು 2014ರ ನವೆಂಬರ್ 1ರಿಂದ. ಗೂಗಲ್‌ನ ಹಳೆಯ ಪತ್ರಿಕಾ ಸಂಗ್ರಹದಲ್ಲಿ ಇಂಡಿಯನ್ ಎಕ್ಸ್‌ಪ್ರೆಸ್‌ನ ಹಿಂದಿನ ದಶಕಗಳ ಪುಟಗಳಿವೆ. ಅಲ್ಲಿ ಪದ ಹಾಕಿ ಹುಡುಕುವುದಕ್ಕಿಂತ ತಾರೀಕು ಒತ್ತಿ ಪುಟ ತಿರುವುವುದೇ ವಾಸಿ. ಮತ್ತೆ ತಿಥಿಯ ಲೆಕ್ಕವೇ ಕೈಹಿಡಿಯಿತು ನೋಡಿ.

ಸಿಕ್ಕ ಮೇಲೆ

ಮೊದಲ ಫೋಟೋ ಸುದ್ದಿಯದಲ್ಲ, ಪತ್ರಿಕೆಯ ಹೆಸರು ಮತ್ತು ತಾರೀಕು ಇರುವ ಮುಖಪುಟದ ನೆತ್ತಿಯದು. ಎರಡನೆಯದು ಪೂರ್ತಿ ಪುಟ, ಮೂರನೆಯದು ಸುದ್ದಿ ಮಾತ್ರ. ಮೂರನೆಯದಷ್ಟೇ ತೆಗೆದು ಬಂದವರ ಬಳಿ ಆರು ತಿಂಗಳ ನಂತರ ಇರುವುದು ತಾರೀಕಿಲ್ಲದ ಒಂದು ತುಂಡು. ಫ್ಲಾಷ್ ಬೇಡ, ಹಳದಿ ಕಾಗದ ಹೊಳೆದು ಅಕ್ಷರ ಹಾರಿಹೋಗುತ್ತದೆ. ಕಿಟಕಿಯ ಬೆಳಕು ಓರೆಯಾಗಿ ಬೀಳುವಂತೆ ಕೂರಿ. ಹೊಲಿಗೆಯ ಪಕ್ಕದ ಕಾಲಂ ಒಳಕ್ಕೆ ಮಡಿಸಿಕೊಂಡಿರುತ್ತದೆ, ಅದನ್ನು ಬಿಡಿಸಲು ಸಂಪುಟವನ್ನು ಒತ್ತಿದರೆ ಕಾಗದ ಸೀಳುತ್ತದೆ. ಮೊಬೈಲನ್ನೇ ಓರೆ ಹಿಡಿದು ಎರಡು ಮೂರು ಕೋನದಿಂದ ತೆಗೆಯಿರಿ. ಕಡತದ ಹೆಸರು 1959-03-08-ಪುಟ 4-ಕಾಲಂ 6 ಎಂಬಂತೆ ಇರಲಿ, ಇಸವಿ ಮುಂದಿದ್ದರೆ ತಾನಾಗಿ ಕ್ರಮಕ್ಕೆ ಕೂರುತ್ತವೆ. ನೋಡಿಯೂ ಸಿಕ್ಕದ ತಾರೀಕುಗಳನ್ನೂ, ಸಂಪುಟದಲ್ಲಿ ಹರಿದುಹೋಗಿರುವ ಸಂಚಿಕೆಗಳನ್ನೂ ಬರೆಯಿರಿ. ಇಲ್ಲದಿದ್ದರೆ ಎರಡು ವರ್ಷ ಬಿಟ್ಟು ನೀವೇ ಅದೇ ಸಂಪುಟ ಕೇಳುತ್ತೀರಿ.

ಸುದ್ದಿಯನ್ನು ಒಂದು ಕಾಗದದಿಂದಾದರೂ ತಾಳೆ ನೋಡದೆ ವಂಶಾವಳಿಗೆ ಏರಿಸಬಾರದು. ಜಮೀನಿದ್ದ ಮನೆಗೆ ಅತ್ಯುತ್ತಮ ಸಾಕ್ಷಿ ಪೌತಿ ಖಾತೆ, ಅಂದರೆ ಸತ್ತವರ ಹೆಸರಿನಿಂದ ವಾರಸುದಾರರಿಗೆ ಖಾತೆ ಬದಲಾದ ದಾಖಲೆ. ಪಹಣಿಯಲ್ಲಿ ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್, ಖಾತೆ ಬದಲಾವಣೆಯ ಪುಸ್ತಕ) ಸಂಖ್ಯೆ ಇರುತ್ತದೆ, ಹಳೆಯ ಕೈಬರಹದ ಪಹಣಿ ಮತ್ತು ಆ ಸಂಖ್ಯೆಯ ಮ್ಯುಟೇಷನ್ ನಕಲಿಗೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಹಾಕಬೇಕು. ಪತ್ರಿಕೆ ಬಿಟ್ಟುಬಿಟ್ಟ ವಾರಸುದಾರರು ಅಲ್ಲಿ ಕಾಣಿಸುವುದುಂಟು: ತೀರಿಕೊಂಡ ಮಗನ ಹೆಂಡತಿ, ಅವಳ ಎಳೆಯ ಮಕ್ಕಳು. ಒಂದು ಎಚ್ಚರ, ಖಾತೆ ಬದಲಾದ ತಾರೀಕು ಸಾವಿನ ತಾರೀಕಲ್ಲ. ಅಣ್ಣತಮ್ಮಂದಿರು ಪಾಲಾಗುವ ತನಕ ಸತ್ತವರ ಹೆಸರಿನಲ್ಲೇ ಖಾತೆ ಹತ್ತಿಪ್ಪತ್ತು ವರ್ಷ ನಡೆದದ್ದು ಸಾಮಾನ್ಯ.

ಮರಣ ನೋಂದಣಿಯ ಈಗಿನ ಕಾಯಿದೆ 1969ರದ್ದು. ಅದಕ್ಕೂ ಹಿಂದೆ ಹಳ್ಳಿಗಳಲ್ಲಿ ಜನನ ಮರಣ ಬರೆದಿಡುತ್ತಿದ್ದವರು ಪಟೇಲ, ಶಾನುಭೋಗರು. ಗ್ರಾಮ ಹುದ್ದೆಗಳನ್ನು ರದ್ದು ಮಾಡುವ 1961ರ ಕಾಯಿದೆ ಬಂದು, 1963ರಲ್ಲಿ ವಂಶಪಾರಂಪರ್ಯದ ಈ ಹುದ್ದೆಗಳು ಹೋದವು. ಪುಸ್ತಕ ತಾಲ್ಲೂಕಿನಲ್ಲಿ ಉಳಿದಿದ್ದರೆ ನಿಮ್ಮ ಪುಣ್ಯ. ಅರ್ಜಿಯಲ್ಲಿ ಹೆಸರಿನ ಜೊತೆ ಗ್ರಾಮ, ಹೋಬಳಿ, ಅಂದಾಜು ತಾರೀಕು ಕೊಟ್ಟರೆ ಗುಮಾಸ್ತರು ಪುಸ್ತಕ ತೆಗೆಯುತ್ತಾರೆ. ‘1955ರಿಂದ 65ರೊಳಗೆ’ ಎಂದರೆ ‘ಲಭ್ಯವಿಲ್ಲ’ ಎಂಬ ಹಿಂಬರಹ ಬರುತ್ತದೆ.

ಪತ್ರಿಕೆಗೂ ರಿಜಿಸ್ಟರಿಗೂ ಎರಡು ಮೂರು ದಿನದ ವ್ಯತ್ಯಾಸ ಕಂಡರೆ ರಿಜಿಸ್ಟರನ್ನೇ ನಂಬಬೇಕೆಂದೇನಿಲ್ಲ. ಅಲ್ಲಿ ವರದಿ ಮಾಡಿದ ದಿನವನ್ನೇ ಸಾವಿನ ದಿನದ ಮನೆಯಲ್ಲಿ ತುಂಬಿದ್ದಿರಬಹುದು. ಆಗ ಮೂರನೆಯ ಸಾಕ್ಷಿ ಮನೆಯಲ್ಲೇ ಇದೆ: ಎರಡೂ ತಾರೀಕುಗಳಿಗೆ ತಿಥಿ ನೋಡಿ, ದಶಮಿ ಯಾವುದಕ್ಕೆ ಬರುತ್ತದೋ ಅದನ್ನು ಬರೆದುಕೊಳ್ಳಿ, ಇನ್ನೊಂದನ್ನು ಪಕ್ಕದಲ್ಲಿ ಆವರಣದೊಳಗೆ ಇಡಿ.